ಗ್ರಹಣದ ರಾತ್ರಿಯ ಸೌತೆಕಾಯಿ

ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ. ಬರೆದವರು ಹಿರಿಯ ಗೃಹಿಣಿ. ತಮ್ಮ ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸಕೂಡದೆಂದು ಕೇಳಿಕೊಂಡಿದ್ದಾರೆ. ಅಕ್ಷರ ದುಂಡಗಿದೆ, ಆದರೆ ಎರಡನೆಯ ಪುಟಕ್ಕೆ ಬರುವ ವೇಳೆಗೆ ಸಾಲುಗಳು ಓರೆಯಾಗಿವೆ.

ಸಂಗತಿ ಇಷ್ಟು. 2025ರ ಡಿಸೆಂಬರ್ ಮೊದಲ ವಾರದಲ್ಲಿ ಅವರ ಸೊಸೆಗೆ ಹೆಣ್ಣು ಮಗುವಾಯಿತು. ಚೊಚ್ಚಲು. ಮಗುವಿನ ಮೇಲ್ದುಟಿ ಎಡಗಡೆಯಲ್ಲಿ ಮೂಗಿನ ಹೊಳ್ಳೆಯವರೆಗೆ ಸೀಳಿದೆ. ಬಾಯೊಳಗೆ ಅಂಗುಳವೂ ಕೂಡಿಲ್ಲ. ಅದಕ್ಕೆ ಮೂರು ತಿಂಗಳು ಹಿಂದೆ, ಸೆಪ್ಟೆಂಬರ್ 7ರ ರಾತ್ರಿ, ಚಂದ್ರಗ್ರಹಣವಾಯಿತಷ್ಟೆ. ಆಗ ಸೊಸೆಗೆ ಏಳನೆಯ ತಿಂಗಳು. ಸಂಜೆಯೇ ಊಟ ಮುಗಿಸಿ ಮಲಗಬೇಕೆಂದು ಅತ್ತೆಯವರು ಹೇಳಿದ್ದರು. ರಾತ್ರಿ ಹತ್ತರ ಮೇಲೆ ಹಸಿವು ತಡೆಯಲಾರದೆ ಹುಡುಗಿ ಅಡುಗೆಮನೆಗೆ ಹೋಗಿ ಒಂದು ಸೌತೆಕಾಯಿಯನ್ನು ಹೆಚ್ಚಿಕೊಂಡು ತಿಂದಳಂತೆ. ಮಗು ಹುಟ್ಟಿದ ದಿನ ಅತ್ತೆಯವರ ಬಾಯಿಂದ ಒಂದು ಮಾತು ಬಂತು. ಆ ಮಾತು ಏನೆಂದು ಅವರು ಬರೆದಿಲ್ಲ. ತಾವೂ ನಾನೂ ಊಹಿಸಬಲ್ಲೆವು. ಅಂದಿನಿಂದ ಸೊಸೆ ಮಗುವನ್ನು ಎತ್ತಿಕೊಳ್ಳುತ್ತಾಳೆ, ಹಾಲು ಕುಡಿಸುತ್ತಾಳೆ, ಮುಖವನ್ನು ಮಾತ್ರ ನೋಡುವುದಿಲ್ಲವಂತೆ.

ಅವರು ಕೇಳಿರುವ ಪ್ರಶ್ನೆಗಳು ಮೂರು. ಇದು ಆ ಗ್ರಹಣದಿಂದಲೇ ಆದದ್ದೆ? ವೈದ್ಯರು ಶಸ್ತ್ರಚಿಕಿತ್ಸೆ ಆಗಬೇಕೆನ್ನುತ್ತಾರೆ. ಇಷ್ಟು ಹಸುಳೆಯ ಮುಖಕ್ಕೆ ಕತ್ತಿ ಹಚ್ಚುವವರು ಆ ಕೆಲಸವನ್ನು ಎಲ್ಲಿ ಕಲಿಯುತ್ತಾರೆ, ಯಾರ ಮಗುವಿನ ಮೇಲೆ ಕಲಿಯುತ್ತಾರೆ? ಮುಂದಕ್ಕೆ ಹಾಕಿರುವ ನಾಮಕರಣವನ್ನು ತುಟಿ ಸರಿಹೋದ ಮೇಲೆ ಮಾಡಬಹುದೆ?

ನಾನು ಶಸ್ತ್ರವೈದ್ಯನಲ್ಲ, ಜ್ವರ, ಕೆಮ್ಮು, ಹೊಟ್ಟೆನೋವುಗಳನ್ನು ನೋಡಿಕೊಂಡು ಬಂದವನು. ಆದರೂ ಎರಡನೆಯ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ವೈದ್ಯರನ್ನು ಹೀಗೆ ನೇರವಾಗಿ ಕೇಳುವವರು ಕಡಮೆ. ಅದಕ್ಕೆ ಉತ್ತರ ಸ್ವಲ್ಪ ಉದ್ದವಾದೀತು. ಮೊದಲನೆಯದನ್ನು ಬೇಗ ಮುಗಿಸೋಣ.

ತಾಯಿ, ಲೆಕ್ಕ ಮಾಡಿ ನೋಡೋಣ. ಡಿಸೆಂಬರ್ ಮೊದಲ ವಾರದಲ್ಲಿ ತಿಂಗಳು ತುಂಬಿ ಹುಟ್ಟಿದ ಮಗು ಗರ್ಭದಲ್ಲಿ ನಿಂತದ್ದು ಮಾರ್ಚ್ ನಡುವಿನ ಸುಮಾರಿಗೆ. ನಾಲ್ಕನೆಯ ವಾರದಲ್ಲಿ ಭ್ರೂಣದ ಬಾಯ ಸುತ್ತ ಐದು ಮೊಗ್ಗುಗಳು ಏಳುತ್ತವೆ: ಹಣೆಯ ಕಡೆಯಿಂದ ಒಂದು, ಎರಡು ಪಕ್ಕಗಳಿಂದ ಎರಡು, ಕೆಳಗೆ ಎರಡು. ಮೇಲಿನಿಂದ ಇಳಿಯುವುದೂ ಪಕ್ಕದಿಂದ ಬರುವುವೂ ಸೇರಿದರೆ ಮೇಲ್ದುಟಿ. ತಾವು ಈಗಲೇ ಮೂಗಿನ ಕೆಳಗೆ ಬೆರಳಿಟ್ಟು ನೋಡಿ: ನಡುವೆ ಒಂದು ಸಣ್ಣ ಗಾಲುವೆ, ಅದರ ಎರಡು ಬದಿ ಎರಡು ದಂಡೆ. ನಾವೆಲ್ಲರೂ ಒಂದು ಕಾಲಕ್ಕೆ ಸೀಳುತುಟಿಯವರೇ ಆಗಿದ್ದೆವು. ಸೀಳು ಕೂಡಿದ್ದು ಆ ದಂಡೆಗಳ ಸಮೀಪದಲ್ಲಿ. ಈ ಕೂಡಿಕೆ ಏಳನೆಯ ವಾರಕ್ಕೆ ಮುಗಿಯುತ್ತದೆ. ಆಗ ಭ್ರೂಣದ ಉದ್ದ ಸುಮಾರು 2 ಸೆಂಟಿಮೀಟರ್. ಅಂಗುಳ ಕೂಡುವುದು ಹನ್ನೆರಡನೆಯ ವಾರದೊಳಗೆ. ಎಂದಮೇಲೆ ತಮ್ಮ ಮೊಮ್ಮಗಳ ತುಟಿಯ ವಿಷಯ ಮೇ ತಿಂಗಳ ಮೊದಲ ವಾರಕ್ಕೇ, ಅಂಗುಳದ ವಿಷಯ ಜೂನ್ ಮೊದಲ ಭಾಗಕ್ಕೇ ತೀರ್ಮಾನವಾಗಿಹೋಗಿತ್ತು. ಗ್ರಹಣ ಬಂದದ್ದು ಸೆಪ್ಟೆಂಬರಿನಲ್ಲಿ. ಮೂರು ತಿಂಗಳ ಹಿಂದೆ ಆಗಿಹೋದದ್ದನ್ನು ಸೌತೆಕಾಯಿ ಹೇಗೆ ಮಾಡೀತು?

ಹಾಗಾದರೆ ಕಾರಣವೇನು? ವಂಶದಿಂದ ಬಂದ ಅಂಶಗಳು ಕೆಲವು. ತಾಯಿಗೆ ಮಧುಮೇಹವಿದ್ದರೆ, ಅಪಸ್ಮಾರದ ಕೆಲವು ಔಷಧಿಗಳನ್ನು ಸೇವಿಸುತ್ತಿದ್ದರೆ, ತಂಬಾಕಿನ ಸಂಪರ್ಕವಿದ್ದರೆ ಸಂಭವ ಹೆಚ್ಚು. ಆದರೆ ಯಾವುದೇ ಒಂದು ಮಗುವನ್ನು ತೋರಿಸಿ ಇದೇ ಕಾರಣವೆಂದು ಬೆರಳು ಮಾಡುವುದು ಬಹುತೇಕ ಸಾಧ್ಯವಿಲ್ಲ. ಜಗತ್ತಿನಲ್ಲಿ ಸುಮಾರು 700 ಮಕ್ಕಳಿಗೆ ಒಂದು ಹೀಗೆ ಹುಟ್ಟುತ್ತದೆ, ಗ್ರಹಣವನ್ನು ಆಚರಿಸುವ ನಾಡಿನಲ್ಲಿಯೂ ಆಚರಿಸದ ನಾಡಿನಲ್ಲಿಯೂ. ಒಂದು ತಮಾಷೆಯ ಸಂಗತಿಯುಂಟು. ಮೆಕ್ಸಿಕೋ ದೇಶದ ಹಳಬರಲ್ಲಿಯೂ ಗ್ರಹಣದಿಂದ ತುಟಿ ಸೀಳುವುದೆಂಬ ನಂಬಿಕೆಯಿತ್ತು. ಆದರೆ ಅಲ್ಲಿ ಬಸುರಿಯರು ರಕ್ಷೆಗಾಗಿ ಗಾಜಿನಂಥ ಕಲ್ಲಿನ ಚೂರಿಯನ್ನು ಹೊಟ್ಟೆಯ ಬಳಿ ಕಟ್ಟಿಕೊಳ್ಳುತ್ತಿದ್ದರು! ನಮ್ಮಲ್ಲಿ ಮುಟ್ಟಬಾರದ ಚೂರಿಯೇ ಅಲ್ಲಿ ಕಾಯುವ ದೇವತೆ. ಇರಲಿ. ಏಳು ತಿಂಗಳ ಬಸುರಿಗೆ ರಾತ್ರಿ ಹತ್ತಕ್ಕೆ ಹಸಿವಾದುದರಲ್ಲಿ ವಿಚಿತ್ರವೇನೂ ಇಲ್ಲ. ಈ ಲೆಕ್ಕವನ್ನು ತಾವೇ, ತಮ್ಮ ಬಾಯಿಂದಲೇ, ಸೊಸೆಗೆ ಹೇಳಬೇಕೆಂದು ನನ್ನ ಕೋರಿಕೆ. ಡಾಕ್ಟರು ಹೇಳಿದರೆ ಅದು ವಿಜ್ಞಾನವಾಗುತ್ತದೆ. ಅವಳಿಗೆ ಬೇಕಾದುದು ಅದಲ್ಲ.

ಇನ್ನು ಎರಡನೆಯ ಪ್ರಶ್ನೆ.

ಸೌತೆಕಾಯಿಯಿಂದಲೇ ಪ್ರಾರಂಭಿಸೋಣ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ 9ನೆಯ ಅಧ್ಯಾಯ ಶಸ್ತ್ರವೈದ್ಯನಾಗಲು ಬಂದ ಶಿಷ್ಯನ ಅಭ್ಯಾಸಕ್ಕೆ ಮೀಸಲು. ಎಷ್ಟು ಓದಿದ್ದರೂ ಕೈಯಿಂದ ಮಾಡಿ ಪಳಗದವನು ಕೆಲಸಕ್ಕೆ ಬಾರನೆಂಬುದು ಅಲ್ಲಿಯ ಅಭಿಪ್ರಾಯ. ಕೊಯ್ಯುವುದನ್ನು ಕಲಿಯಲು ಕುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳು. ಚುಚ್ಚುವುದಕ್ಕೆ ತಾವರೆಯ ದಂಟು ಮತ್ತು ಸತ್ತ ಪ್ರಾಣಿಯ ರಕ್ತನಾಳ. ಹೊಲಿಗೆಗೆ ಬಟ್ಟೆ ಮತ್ತು ಮೃದುವಾದ ಚರ್ಮ. ಪಟ್ಟಿ ಕಟ್ಟುವುದಕ್ಕೆ ಮನುಷ್ಯಾಕೃತಿಯ ಬೊಂಬೆ. ಸೊಸೆಯ ಮೇಲೆ ಅಪವಾದ ಹೊರಿಸಿದ ಆ ಕಾಯಿಯನ್ನೇ ಹೆಚ್ಚಿ ಹೆಚ್ಚಿ ಈ ದೇಶದ ಶಸ್ತ್ರವೈದ್ಯರು ಮುಖವನ್ನು ಸರಿಪಡಿಸಲು ಕಲಿತರು. ಕತ್ತರಿಸಿಹೋದ ಮೂಗಿಗೆ ಕೆನ್ನೆಯ ಚರ್ಮದಿಂದ ಹೊಸ ಮೂಗು, ಹರಿದ ಕಿವಿಯ ಹಾಲೆಯನ್ನು ಕೂಡಿಸುವ ಹದಿನೈದು ಬಗೆ, ಇವೆಲ್ಲ ಅದೇ ಗ್ರಂಥದಲ್ಲಿವೆ.

ಆಮೇಲಿನ ಕಥೆಯಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ಪಾತ್ರವುಂಟು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಒಂದು ಕಾಗದ ಅಚ್ಚಾಯಿತು. ಕವಾಸಜಿಯೆಂಬ ಮರಾಠ ಗಾಡಿಯವನು ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ; 1792ರ ಯುದ್ಧದಲ್ಲಿ ಟಿಪ್ಪೂವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಎಂದು ಆ ಕಾಗದ ಹೇಳುತ್ತದೆ. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಹೊಸ ಮೂಗನ್ನು ಮಾಡಿಕೊಟ್ಟ. ಮೇಣದ ತೆಳುಹಲ್ಲೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಬಿಡಿಸಿ ಹಣೆಯ ಮೇಲೆ ಹರಡಿ, ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಕೊಯ್ದು ಕೆಳಕ್ಕೆ ತಿರುಗಿಸಿದ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಸೇತುವೆಯನ್ನು ಮಾತ್ರ ಕೊಯ್ಯದೆ ಉಳಿಸಿದ. ಹೊಸ ಮೂಗಿಗೆ ರಕ್ತ ಹರಿಯುವ ದಾರಿ ಅದು. ಕೆಲವು ವಾರಗಳು ಕಳೆದು ಚರ್ಮ ಅಂಟಿಕೊಂಡ ಮೇಲೆ ಆ ಸೇತುವೆಯನ್ನು ತೆಗೆದ.

ಲಂಡನ್ನಿನ ಜೋಸೆಫ್ ಕಾರ್ಪ್ಯೂ ಈ ವರದಿಯನ್ನು ಓದಿದ. ಆದರೆ ಅವನಿಗೆ ಗುರುವಿರಲಿಲ್ಲ. ಇದ್ದದ್ದು ಒಂದು ಕಾಗದ, ಒಂದು ಚಿತ್ರ. ಅವನು ಶವಗಳ ಮೇಲೆ ಮತ್ತೆ ಮತ್ತೆ ಮಾಡಿ ನೋಡಿ, ಕೊನೆಗೆ 1814ರಲ್ಲಿ ಒಬ್ಬ ಸೇನಾಧಿಕಾರಿಯ ಮೇಲೆ ಕೈಯಿಟ್ಟ. ಅರಿವಳಿಕೆ ಬಂದದ್ದು 1846ರಲ್ಲಿ ಎಂಬುದನ್ನು ನೆನೆದರೆ ಆ ರೋಗಿಯ ಧೈರ್ಯಕ್ಕೆ ಕೈಮುಗಿಯಬೇಕು. ಎರಡು ಶಸ್ತ್ರಕ್ರಿಯೆಗಳು ಫಲಿಸಿದ ಮೇಲೆ 1816ರಲ್ಲಿ ಅವನು ಪುಸ್ತಕ ಬರೆದ. ಹಣೆಯ ಚರ್ಮದಿಂದ ಮೂಗು ಮಾಡುವ ಈ ಬಗೆಯನ್ನು ಪ್ರಪಂಚದ ವೈದ್ಯರು ಇಂದಿಗೂ ‘ಭಾರತೀಯ ವಿಧಾನ’ವೆಂದೇ ಕರೆಯುತ್ತಾರೆ, ಇಂದಿಗೂ ಬಳಸುತ್ತಾರೆ. ಪುಣೆಯ ಆ ಇಟ್ಟಿಗೆಯವನ ಹೆಸರನ್ನು ಯಾರೂ ಬರೆದಿಡಲಿಲ್ಲವೆಂಬುದೊಂದು ವ್ಯಥೆ.

ಮೂಗಿನ ಮಾತಾಯಿತು, ತುಟಿಗೆ ಬರೋಣ. ಸೀಳುತುಟಿಯನ್ನು ಕೂಡಿಸುವುದೂ ಹಳೆಯ ವಿದ್ಯೆಯೇ. ಚೀನದಲ್ಲಿ 4ನೆಯ ಶತಮಾನದ ಕೊನೆಯಲ್ಲಿ ವೆಯ್ ಯೋಂಗ್‌ಚಿ ಎಂಬ ಬಡ ಹುಡುಗನಿದ್ದ. ಹುಟ್ಟಿನಿಂದ ತುಟಿ ಸೀಳಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಪ್ರಾಂತಾಧಿಕಾರಿಯೊಬ್ಬನ ಬಳಿಯಿದ್ದ ವೈದ್ಯನನ್ನು ಹುಡುಕಿಕೊಂಡು ಹೋದ. ಕೊಯ್ದು ಕೂಡಿಸಬಲ್ಲೆ, ಆದರೆ ನೂರು ದಿನ ಗಂಜಿಯನ್ನೇ ಕುಡಿಯಬೇಕು, ಮಾತಾಡಬಾರದು, ನಗಬಾರದು ಎಂದ ವೈದ್ಯ. ಉಳಿದ ಅರ್ಧ ಆಯುಸ್ಸು ಸಿಗುವುದಾದರೆ ಅರ್ಧ ಆಯುಸ್ಸು ಮಾತಿಲ್ಲದೆ ಇರಲೂ ಸಿದ್ಧ, ನೂರು ದಿನ ಯಾವ ಲೆಕ್ಕ ಎಂದನಂತೆ ಹುಡುಗ. ಮುಂದೆ ಅವನೇ ಪ್ರಾಂತಾಧಿಕಾರಿಯಾದನೆಂದು ಆ ದೇಶದ ಇತಿಹಾಸ ಹೇಳುತ್ತದೆ.

ಕೂಡಿಸುವುದು ಹಳೆಯದು, ನಿಜ; ಸರಿಯಾಗಿ ಕೂಡಿಸುವುದು ಮಾತ್ರ ಹೊಸದು. ಫ್ರಾನ್ಸಿನ ಆಂಬ್ರೋಸ್ ಪಾರೆ 16ನೆಯ ಶತಮಾನದಲ್ಲಿ ಸೀಳಿನ ಎರಡು ಅಂಚುಗಳನ್ನು ಕೆತ್ತಿ ಹಸಿಮಾಡಿ, ಅಡ್ಡಲಾಗಿ ಸೂಜಿ ಚುಚ್ಚಿ, ಅದರ ಸುತ್ತ 8ರ ಆಕಾರದಲ್ಲಿ ದಾರ ಸುತ್ತಿ ಬಿಗಿಯುತ್ತಿದ್ದ. ಬಿರುಕು ಮುಚ್ಚುತ್ತಿತ್ತು. ಆದರೆ ನೇರವಾದ ಗಾಯ ಒಣಗುವಾಗ ಕುಗ್ಗುತ್ತದೆ; ತುಟಿಯ ಅಂಚು ಮೇಲಕ್ಕೆ ಸೆಳೆದು ಕಚ್ಚಿನಂತಾಗುತ್ತದೆ. ಮುಚ್ಚಿದ ಮೇಲೆಯೂ ನೋಡಿದವರಿಗೆ ಅದೇ ಮೊದಲು ಕಾಣುವುದು. ಶತಮಾನಗಳ ಕಾಲ ಶಸ್ತ್ರವೈದ್ಯರು ಇದರೊಡನೆ ಹೆಣಗಿದರು. 1952ರಲ್ಲಿ ಅಮೆರಿಕದ ಟೆನ್ನಿಸನ್ ಹೊರಮಗ್ಗುಲಿನಿಂದ ಒಂದು ತ್ರಿಕೋನದ ತುಂಡನ್ನು ಒಳಮಗ್ಗುಲಿಗೆ ಸೇರಿಸಿ ತುಟಿಗೆ ಉದ್ದ ಕೊಟ್ಟ; ಉದ್ದವೇನೋ ಬಂತು, ಕಲೆ ಮಾತ್ರ ತುಟಿಯ ಮೇಲೆ ಅಡ್ಡಕ್ಕೆ ಬಿತ್ತು.

ಆಗ ರಾಲ್ಫ್ ಮಿಲ್ಲಾರ್ಡ್ ಬಂದ. ಅವನ ಗುರು ಹೆರಾಲ್ಡ್ ಗಿಲ್ಲೀಸ್. ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗಾಗಿ 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ತೆರೆದ ಆಸ್ಪತ್ರೆಯಲ್ಲಿ ಈ ಶಾಸ್ತ್ರಕ್ಕೆ ಹೊಸ ಅಡಿಗಲ್ಲನ್ನಿಟ್ಟವನು. ಮಿಲ್ಲಾರ್ಡ್ ಕೊರಿಯಾದಲ್ಲಿ ಅಮೆರಿಕದ ಮರೀನ್ ಪಡೆಯ ಜೊತೆಗಿದ್ದಾಗ ಸೀಳುತುಟಿಯ ಮಕ್ಕಳನ್ನು ನೋಡಿ ಯೋಚಿಸಿದ. ಅವನಿಗೆ ಹೊಳೆದದ್ದು ಸರಳವಾದ ಮಾತು: ಈ ಮಗುವಿಗೆ ತುಟಿಯ ಭಾಗಗಳು ಇಲ್ಲವೆಂದಲ್ಲ, ಬಹುಮಟ್ಟಿಗೆ ಎಲ್ಲವೂ ಇವೆ, ಸ್ಥಾನ ತಪ್ಪಿವೆ. ಒಳಮಗ್ಗುಲಿನ ಭಾಗದಲ್ಲಿ ತುಟಿಯ ಬಿಲ್ಲಿನಂಥ ಬಾಗು ಇದ್ದೇ ಇರುತ್ತದೆ, ಓರೆಯಾಗಿ ಮೂಗಿನ ಕಡೆಗೆ ಏರಿಹೋಗಿರುತ್ತದೆ. ಮೂಗಿನ ಬುಡದ ಕೆಳಗೆ ಬಾಗಿದ ಒಂದು ಗೆರೆಯನ್ನು ಕೊಯ್ದರೆ ಆ ಭಾಗ ಕೀಲಿನ ಮೇಲಿನ ಕದದಂತೆ ತಿರುಗಿ ತನ್ನ ಮಟ್ಟಕ್ಕೆ ಇಳಿಯುತ್ತದೆ. ಅದು ಇಳಿದ ಮೇಲೆ ಮೂಗಿನ ಕೆಳಗೆ ಒಂದು ಸಂದು ಉಳಿಯುತ್ತದೆ. ಹೊರಮಗ್ಗುಲಿನ ಭಾಗವನ್ನು ಮುಂದಕ್ಕೆ ತಂದು ಆ ಸಂದನ್ನು ತುಂಬಿದರಾಯಿತು. ಹೊಲಿಗೆಯ ಗೆರೆ ಬೀಳುವುದು ಎಲ್ಲಿ? ತಾವು ಈಗ ತಾನೆ ಬೆರಳಿಟ್ಟು ನೋಡಿದಿರಲ್ಲ, ಆ ದಂಡೆಯ ಮೇಲೆ, ಪ್ರಕೃತಿಯೇ ಗೆರೆಯನ್ನಿಟ್ಟ ಕಡೆ. ಇದನ್ನು ಅವನು 1955ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿದ. ಅನಂತರದ ಎಪ್ಪತ್ತು ವರ್ಷಗಳಲ್ಲಿ ತಿದ್ದುಪಡಿಗಳು ಎಷ್ಟೋ ಬಂದಿವೆ; ಮೂಲ ತತ್ತ್ವವನ್ನು ಇಂದಿಗೂ ಪ್ರಪಂಚದ ಹೆಚ್ಚಿನ ಶಸ್ತ್ರವೈದ್ಯರು ಅನುಸರಿಸುತ್ತಾರೆ.

ಚರ್ಮವನ್ನು ಕೂಡಿಸಿದರೆ ಮುಗಿಯಲಿಲ್ಲ. ಬಾಯ ಸುತ್ತ ಬಳೆಯಂಥ ಒಂದು ಸ್ನಾಯು ಇದೆ. ಸೀಳಿದ ಕಡೆ ಅದು ತುಂಡಾಗಿ ಮೂಗಿನ ಬುಡಕ್ಕೆ ಹೋಗಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ, ಎರಡು ತುದಿಗಳನ್ನು ತಂದು ಕೂಡಿಸದಿದ್ದರೆ ಮಗು ಅಳುವಾಗ ತುಟಿ ಎರಡು ಕಡೆ ಗಂಟಿನಂತೆ ಉಬ್ಬುತ್ತದೆ. ಇನ್ನು, ತುಟಿಯ ಕೆಂಪು ಮುಗಿದು ಚರ್ಮ ಪ್ರಾರಂಭವಾಗುವ ಅಂಚು. ಅಲ್ಲಿ ಎರಡು ಮಗ್ಗುಲುಗಳ ನಡುವೆ 1 ಮಿಲಿಮೀಟರ್ ಏರುಪೇರಾದರೂ ಎದುರಿಗೆ ಕುಳಿತು ಮಾತಾಡುವವರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಕತ್ತಿ ಹಿಡಿಯುವ ಮುಂಚೆ ಶಸ್ತ್ರವೈದ್ಯರು ಅಳತೆಯ ಕೈವಾರವನ್ನು ಹಿಡಿದು, ನೀಲಿ ಬಣ್ಣದ ಚುಕ್ಕಿಗಳನ್ನಿಟ್ಟು, ರಂಗೋಲಿ ಹಾಕುವವರಂತೆ ಬಗ್ಗಿ ಕೂರುತ್ತಾರೆ. ಒಮ್ಮೆ ನಾನು ಅನುಮತಿ ಪಡೆದು ನೋಡಿದೆ. ಚುಕ್ಕಿಯಿಡುವುದಕ್ಕೆ ಹಿಡಿದ ಹೊತ್ತನ್ನು ಕಂಡು, ಕೊಯ್ಯುವುದು ಯಾವಾಗ ಎಂದು ನನಗೇ ಬೇಸರವಾಯಿತು; ಕೊಯ್ಯಲು ತೊಡಗಿದ ಮೇಲೆ ಕೈ ಎಲ್ಲಿಯೂ ತಡವರಿಸಲಿಲ್ಲ.

ಅಂಗುಳದ ವಿಷಯ ಬೇರೆ. ಅದು ಹೊರಕ್ಕೆ ಕಾಣುವುದಿಲ್ಲ, ಆದ್ದರಿಂದ ತುಟಿ ಸರಿಹೋದೊಡನೆ ಕೆಲವು ಮನೆಗಳಲ್ಲಿ ಅದನ್ನು ಮರೆತುಬಿಡುತ್ತಾರೆ. ಹಾಗೆ ಮರೆತರೆ ಆಗುವ ನಷ್ಟವನ್ನು ನಮ್ಮ ವರ್ಣಮಾಲೆಯೇ ಹೇಳುತ್ತದೆ. ವರ್ಗೀಯ ವ್ಯಂಜನಗಳು 25. ಅವುಗಳಲ್ಲಿ ಪ್ರತಿ ವರ್ಗದ ಕಡೆಯ ಅಕ್ಷರ, ಎಂದರೆ ಙ, ಞ, ಣ, ನ, ಮ, ಇವು ಅನುನಾಸಿಕ. ಮೂಗಿನ ದಾರಿ ತೆರೆದಿರಬೇಕು. ಉಳಿದ 20ಕ್ಕೂ ಮೂಗಿನ ದಾರಿ ಮುಚ್ಚಿರಬೇಕು. ಮುಚ್ಚುವ ಕದವೇ ಮೃದು ಅಂಗುಳ. ಕದ ಎರಡು ಹೋಳಾಗಿ ನಿಂತರೆ ‘ಪಾಪ’ ಎನ್ನಹೊರಟ ಮಗುವಿನ ಬಾಯಲ್ಲಿ ‘ಮಾಮ’ದಂಥ ಧ್ವನಿ ಬರುತ್ತದೆ; ಇಪ್ಪತ್ತು ಅಕ್ಷರಗಳು ಐದರ ಕಡೆಗೆ ವಾಲುತ್ತವೆ. ಮಗು ಬುದ್ಧಿವಂತೆಯಾಗಿದ್ದರೂ ಶಾಲೆಯಲ್ಲಿ ಬಾಯಿ ತೆರೆಯಲು ಅಂಜುತ್ತಾಳೆ.

1861ರಲ್ಲಿ ಬರ್ಲಿನ್ನಿನ ಲಾಂಗೆನ್‌ಬೆಕ್ ಅಂಗುಳದ ಎರಡು ಪಕ್ಕದ ಪೊರೆಗಳನ್ನು ಮೂಳೆಯಿಂದ ಎಬ್ಬಿಸಿ ನಡುವೆ ಕೂಡಿಸುವ ವಿಧಾನವನ್ನು ಪ್ರಕಟಿಸಿದ. ರಂಧ್ರ ಮುಚ್ಚಿತು; ಮಾತು ಮಾತ್ರ ಬಹಳ ಮಕ್ಕಳಲ್ಲಿ ಮೂಗಿನಿಂದಲೇ ಬಂತು. ಏಕೆಂದರೆ ಅಂಗುಳವನ್ನು ಎತ್ತುವ ಸ್ನಾಯುಗಳು ಅಡ್ಡಲಾಗಿ ಕೂಡುವ ಬದಲು ಮುಂದಕ್ಕೆ ಹರಿದು ಗಟ್ಟಿ ಅಂಗುಳದ ಅಂಚಿಗೆ ಅಂಟಿಕೊಂಡಿರುತ್ತವೆ. ಜರ್ಮನಿಯ ಕ್ರೀನ್ಸ್ 1969ರಲ್ಲಿ ಇದನ್ನು ಎತ್ತಿತೋರಿಸಿ, ಆ ಸ್ನಾಯುಗಳನ್ನು ಬಿಡಿಸಿ ಅಡ್ಡಕ್ಕೆ ತಿರುಗಿಸಿ ಹೊಲಿಯಬೇಕೆಂದು ಹೇಳಿದ. ಅಮೆರಿಕದ ಫರ್ಲೋ 1986ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಂಕುಡೊಂಕಾದ ಗೆರೆಗಳಲ್ಲಿ ಕೊಯ್ದು ಅಂಗುಳದ ಉದ್ದವನ್ನೂ ಹೆಚ್ಚಿಸುತ್ತಾರೆ. ಆಮೇಲೆಯೂ ಮಾತನ್ನು ಕಲಿಸುವವರ ಸಹಾಯ ಬೇಕಾದೀತು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆ ದೇಶಕ್ಕೆಲ್ಲ ಹೆಸರಾದದ್ದು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಪಾಠ ದೊರೆಯುತ್ತದೆ. ಕಿವಿಯನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಈ ಮಕ್ಕಳ ನಡುಗಿವಿಯಲ್ಲಿ ನೀರು ನಿಂತು ಕೇಳುವುದು ಮಂದವಾಗುವುದುಂಟು. ಆ ಪರೀಕ್ಷೆಯನ್ನು ಬಿಡಕೂಡದು.

ಹಾಗಾದರೆ ಯಾರ ಮಗುವಿನ ಮೇಲೆ ಕಲಿತರು? ತಾಯಿ, ಉತ್ತರವನ್ನು ಮುಚ್ಚಿಡುವುದಿಲ್ಲ: ಕಟ್ಟಕಡೆಗೆ ಯಾರದೋ ಮಗುವಿನ ಮೇಲೆಯೇ. ಆದರೆ ಒಬ್ಬಂಟಿಯಾಗಿ ಅಲ್ಲ. ವೈದ್ಯಪದವಿಯ ಮೇಲೆ ಶಸ್ತ್ರವೈದ್ಯದಲ್ಲಿ ಮೂರು ವರ್ಷ, ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಮತ್ತೆ ಮೂರು ವರ್ಷ. ಇಲ್ಲವೆ ದಂತವೈದ್ಯದ ದಾರಿಯಿಂದ ಬಂದವರು ಮುಖ ಮತ್ತು ದವಡೆಗಳ ಶಸ್ತ್ರಚಿಕಿತ್ಸೆಯಲ್ಲಿ ಮೂರು ವರ್ಷ. ಇಷ್ಟಾದ ಮೇಲೆಯೂ ಸೀಳುತುಟಿಯನ್ನೇ ಹಿಡಿಯಬೇಕೆನ್ನುವವರು ಅದೇ ಕೆಲಸ ನಿತ್ಯ ನಡೆಯುವ ಕಡೆ ಹೋಗಿ ಗುರುವಿನ ಎದುರು ನಿಲ್ಲುತ್ತಾರೆ. ಮೊದಲು ನೋಡುವುದು, ಆಮೇಲೆ ಚುಕ್ಕಿಯಿಟ್ಟು ತೋರಿಸುವುದು, ಗುರು ಅಳಿಸಿ ತಿದ್ದುವುದು, ಆಮೇಲೆ ಹೊರಕ್ಕೆ ಕಾಣದ ಒಳಮೈಯಲ್ಲಿ ಎರಡು ಹೊಲಿಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಮೇಜಿನ ಆಚೆ ಗುರುವಿನ ಕೈ ಸದಾ ಇರುತ್ತದೆ. ಸೌತೆಕಾಯಿಯ ಸ್ಥಾನಕ್ಕೆ ಈಗ ಸಿಲಿಕೋನಿನಿಂದ ಮಾಡಿದ ಮಗುವಿನ ಮುಖ ಬಂದಿದೆ. ಚರ್ಮ, ಸ್ನಾಯು, ಒಳಪೊರೆ ಎಲ್ಲ ಪದರ ಪದರವಾಗಿರುವ ಅದನ್ನು ಕೊಯ್ದು ಹೊಲಿದು ತಪ್ಪು ಮಾಡಬಹುದು, ಯಾರಿಗೂ ನೋವಿಲ್ಲ.

ನಮ್ಮ ದೇಶದಲ್ಲಿ ಈ ಗುರುಪರಂಪರೆ ಬೆಳೆದದ್ದು ಸ್ವಾತಂತ್ರ್ಯದ ಈಚೆಗೆ. ನಾಗಪುರದಲ್ಲಿ ಸಿ. ಬಾಲಕೃಷ್ಣನ್ ಅವರು 1958ರಲ್ಲಿ ಪ್ರತ್ಯೇಕ ವಿಭಾಗವನ್ನು ಕಟ್ಟಿ ಶಿಷ್ಯರನ್ನು ತಯಾರುಮಾಡಿದರು. ಮುಂಬಯಿಯ ಪಾರಸಿ ತರುಣ ಎಚ್. ಎಸ್. ಆಡೆನ್‌ವಾಲಾ 1959ರಲ್ಲಿ ಕೇರಳದ ತ್ರಿಶೂರಿನ ಜುಬಿಲಿ ಮಿಷನ್ ಆಸ್ಪತ್ರೆಗೆ ಬಂದರು. 2020ರಲ್ಲಿ ತೀರಿಕೊಳ್ಳುವವರೆಗೂ ಆ ಊರಿನವರೇ ಆಗಿ, ಸಾವಿರಾರು ಮಕ್ಕಳ ತುಟಿಯನ್ನು ಕೂಡಿಸಿದರು, ದೇಶದ ನಾನಾ ಕಡೆಯಿಂದ ಬಂದ ತರುಣ ವೈದ್ಯರಿಗೆ ಕಲಿಸಿದರು. ಅವರು ಬೆಳೆಸಿದ ಕೇಂದ್ರಕ್ಕೆ ಇರುವ ಹೆಸರು ಅವರದಲ್ಲ. ತಮಗೆ ಮುಂಬಯಿಯಲ್ಲಿ ಕಲಿಸಿದ ಗುರು ಚಾರ್ಲ್ಸ್ ಪಿಂಟೋ ಅವರದು. ಒಂದು ಕಾಲಕ್ಕೆ ಪರದೇಶದ ತಂಡಗಳು ವಿಮಾನದಲ್ಲಿ ಬಂದು, ವಾರದಲ್ಲಿ ನೂರಾರು ಮಕ್ಕಳಿಗೆ ಹೊಲಿಗೆ ಹಾಕಿ ಹೋಗುತ್ತಿದ್ದುದುಂಟು. ಉಪಕಾರವೇ, ಆದರೆ ಹೊಲಿಗೆ ಬಿಚ್ಚಿಕೊಂಡರೆ, ಅಂಗುಳದಲ್ಲಿ ತೂತು ಉಳಿದರೆ ಆ ಮಗು ಯಾರ ಬಳಿ ಹೋಗಬೇಕು? 1999ರಲ್ಲಿ ಪ್ರಾರಂಭವಾದ ಸ್ಮೈಲ್ ಟ್ರೈನ್ ಎಂಬ ಸಂಸ್ಥೆ ಈ ಕ್ರಮವನ್ನು ಬಿಟ್ಟು, ಆಯಾ ದೇಶದ ಶಸ್ತ್ರವೈದ್ಯರಿಗೇ ತರಬೇತಿಯನ್ನೂ ವೆಚ್ಚವನ್ನೂ ಕೊಡುವ ದಾರಿಯನ್ನು ಹಿಡಿಯಿತು. ನನಗೆ ಇದೇ ಸರಿಯೆಂದು ತೋರುತ್ತದೆ.

ಆದ್ದರಿಂದ ತಾವು ಆಸ್ಪತ್ರೆಗೆ ಹೋದಾಗ ಸಂಕೋಚವಿಲ್ಲದೆ ಕೇಳಿ: ವರ್ಷಕ್ಕೆ ಇಂಥ ಎಷ್ಟು ಮಕ್ಕಳನ್ನು ನೋಡುತ್ತೀರಿ? ಹಲ್ಲಿನವರು, ಮಾತಿನವರು, ಕಿವಿಯವರು ನಿಮ್ಮ ಜೊತೆಗಿದ್ದಾರೆಯೆ? ಮಗು ಹತ್ತು ವರ್ಷದವಳಾದಾಗ ಯಾರು ನೋಡುತ್ತಾರೆ? ಒಳ್ಳೆಯ ಶಸ್ತ್ರವೈದ್ಯರು ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ. ಏಕೆಂದರೆ ಇದು ಒಂದು ದಿನದ ಕೆಲಸವಲ್ಲ. ತುಟಿಗೆ ಮೂರರಿಂದ ಆರು ತಿಂಗಳೊಳಗೆ, ಅಂಗುಳಕ್ಕೆ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ. ಒಸಡಿನಲ್ಲಿಯೂ ಬಿರುಕಿದ್ದರೆ ಎಂಟು ಹತ್ತು ವರ್ಷಗಳ ಹೊತ್ತಿಗೆ, ಕೋರೆಹಲ್ಲು ಇಳಿಯುವ ಮುಂಚೆ, ಸೊಂಟದ ಮೂಳೆಯ ಚೂರನ್ನು ತಂದು ತುಂಬುತ್ತಾರೆ. ಮೂಗನ್ನು ತಿದ್ದುವುದೇನಾದರೂ ಉಳಿದರೆ ಬೆಳವಣಿಗೆ ನಿಂತ ಮೇಲೆ. ವೆಚ್ಚಕ್ಕೆ ಹೆದರಬೇಕಾಗಿಲ್ಲ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿಯೂ ಸೀಳು ಅಂಗುಳವೂ ಸೇರಿವೆ. ಧರ್ಮಾರ್ಥವಾಗಿ ಮಾಡುವ ಆಸ್ಪತ್ರೆಗಳೂ ಹಲವು. ತಮಗೆ ಬೇಡವಾದರೂ ತಮ್ಮ ಮನೆಗೆ ಕೆಲಸಕ್ಕೆ ಬರುವವರ ಬಂಧುಗಳಲ್ಲಿ ಯಾರಿಗಾದರೂ ಬೇಕಾದೀತು, ತಿಳಿಸಿ.

ಸದ್ಯಕ್ಕೆ ತಮ್ಮ ಸೊಸೆಯ ಕೈಯಲ್ಲಿ ಶಸ್ತ್ರವೈದ್ಯರದಕ್ಕಿಂತ ದೊಡ್ಡ ಕೆಲಸವಿದೆ. ಹಳೆಯದೊಂದು ಸೂತ್ರವುಂಟು, ಹತ್ತುಗಳ ಸೂತ್ರ: ಮಗುವಿಗೆ 10 ವಾರವಾಗಿರಬೇಕು, ತೂಕ 10 ಪೌಂಡು, ಎಂದರೆ ಸುಮಾರು ನಾಲ್ಕೂವರೆ ಕಿಲೋ, ಮುಟ್ಟಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಂ ಇರಬೇಕು. ವಾರಗಳು ತಾವಾಗಿಯೇ ಆಗುತ್ತವೆ, ತೂಕ ಆಗುವುದಿಲ್ಲ. ಅಂಗುಳ ಸೀಳಿದ ಮಗು ಎಳೆದು ಕುಡಿಯಲಾರದು. ಬಾಯಲ್ಲಿ ಬಿಗಿ ಹುಟ್ಟುವುದಿಲ್ಲ. ಎದೆಹಾಲನ್ನು ಹಿಂಡಿ ಕುಡಿಸಬೇಕು. ಅದಕ್ಕೆ ವಿಲಾಯಿತಿ ಸೀಸೆ ಬೇಕೆಂದೇನೂ ಇಲ್ಲ. ತಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿಯ ಒಳಲೆ ಇದ್ದೀತು. ಅದನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ ತೆಗೆದಿಡಿ. ಮಗುವನ್ನು ಮಲಗಿಸಿ ಕುಡಿಸಬೇಡಿ. ತಲೆ ಎತ್ತರಕ್ಕೆ ಬರುವಂತೆ ತೋಳಿನ ಮೇಲೆ ಎತ್ತಿ ಕೂರಿಸಿಕೊಂಡು, ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ಭುಜಕ್ಕೆ ಹಾಕಿಕೊಂಡು ತೇಗಿಸುತ್ತ ಕುಡಿಸಬೇಕು. ಮೂಗಿನಿಂದ ನಾಲ್ಕು ಹನಿ ಬಂದರೆ ಗಾಬರಿ ಬೇಡ. ಕೆಮ್ಮಿದರೆ, ಬಾಯಿ ನೀಲಿಗಟ್ಟಿದರೆ ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ವಾರಕ್ಕೊಮ್ಮೆ ತೂಗಿ ಬರೆದಿಡಿ. ಒಳಲೆ ಹಿಡಿಯುವ ವಿದ್ಯೆ ತಮ್ಮ ಕಾಲದವರಿಗೆ ಗೊತ್ತು, ಈಗಿನ ಹುಡುಗಿಯರಿಗೆ ಗೊತ್ತಿಲ್ಲ. ಅವಳ ಪಕ್ಕದಲ್ಲಿ ಕುಳಿತು ತಾವೇ ಹೇಳಿಕೊಡಬಹುದಲ್ಲವೆ? ಎರಡನೆಯ ಮಗುವಿನ ಬಗ್ಗೆ ಅವಳಿಗೆ ಭಯವಿದ್ದರೆ, ಮತ್ತೊಂದು ಮಗುವಿಗೂ ಹೀಗಾಗುವ ಸಂಭವ ನೂರಕ್ಕೆ ಮೂರರಿಂದ ಐದರಷ್ಟು ಮಾತ್ರವೆಂದು ತಿಳಿಸಿ.

ಉಳಿದದ್ದು ನಾಮಕರಣ. ಮುಂದಕ್ಕೆ ಹಾಕಬೇಡಿ. ಮಗುವಿಗೆ ಎರಡು ತಿಂಗಳು ತುಂಬುತ್ತಿದೆ, ಹೆಸರಿಲ್ಲದೆ ಎಷ್ಟು ದಿನ ಕೂಗುತ್ತೀರಿ? ಆಸ್ಪತ್ರೆಯ ಚೀಟಿಯಲ್ಲಿಯೂ ಬರೆಯಲು ಒಂದು ಹೆಸರು ಬೇಕು. ಅಂದು ಫೋಟೋ ತೆಗೆಸಿ, ಎದುರಿನಿಂದಲೇ ತೆಗೆಸಿ. ಶಸ್ತ್ರವೈದ್ಯರು ಹೇಗೂ ತೆಗೆಯುತ್ತಾರೆ, ಅವರದು ಲೆಕ್ಕಕ್ಕೆ. ತಮ್ಮದು ಬೇರೆ ಕಾರಣಕ್ಕೆ ಬೇಕಾಗುತ್ತದೆ. ತುಟಿ ಸೀಳಿದ ಮಗು ನಗುವಾಗ ಮುಖದ ತುಂಬ ನಗುತ್ತದೆ. ಆ ನಗು ಮೂಗಿನವರೆಗೂ ಹೋಗುತ್ತದೆ. ಹೊಲಿಗೆಯಾದ ಮೇಲೆ ಅದು ಉಳಿಯುವುದಿಲ್ಲ, ಬೇರೆ ನಗು ಬರುತ್ತದೆ. ಶಸ್ತ್ರಚಿಕಿತ್ಸೆ ಮುಗಿದು ಮಗುವನ್ನು ಹೊರಕ್ಕೆ ತಂದಾಗ ಎಷ್ಟೋ ತಾಯಂದಿರು ಸಂತೋಷಪಡುವ ಮೊದಲು ಒಂದು ಗಳಿಗೆ ಆ ಹಳೆಯ ನಗುವನ್ನು ಹುಡುಕುತ್ತಾರಂತೆ.